ಕಾಳೀಘಾಟಿನ ಬೆಳಕು, ಬೆಳಕಿಗೆ ಬಂದವರು

ಸಂತ ತೆರೇಸಾರ ಹಬ್ಬದ ಸುಮಾರಿಗೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಗುರುಮಠಗಳಲ್ಲೂ ಧರ್ಮಕೇಂದ್ರಗಳಲ್ಲೂ ಅವರ ಕುರಿತ ಚಿತ್ರಗಳ ಪ್ರದರ್ಶನ ನಡೆಯುವುದುಂಟು. ಅವುಗಳಲ್ಲಿ ಬಹಳ ಹೆಸರಾದದ್ದು 1969ರಲ್ಲಿ ಬಿ.ಬಿ.ಸಿ.ಗಾಗಿ ಮಾಲ್ಕಮ್ ಮಗ್ಗರಿಜ್ ಅವರು ಮಾಡಿದ ‘ಸಮ್‌ಥಿಂಗ್ ಬ್ಯೂಟಿಫುಲ್ ಫಾರ್ ಗಾಡ್’. ಮದರ್ ತೆರೇಸಾರನ್ನು ಜಗತ್ತಿಗೆ ಪರಿಚಯಿಸಿದ್ದು ಬಹುಮಟ್ಟಿಗೆ ಈ ಚಿತ್ರ ಮತ್ತು 1971ರಲ್ಲಿ ಅದೇ ಹೆಸರಿನಲ್ಲಿ ಬಂದ ಪುಸ್ತಕ. ಅದನ್ನು ನೋಡಿ ಸೇವೆಗೆ ಹೊರಟವರುಂಟು. ಸಂದೇಹವಾದಿಯೆಂದೇ ಖ್ಯಾತರಾಗಿದ್ದ ಮಗ್ಗರಿಜ್ ಅವರೇ 1982ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಹೀಗೆ ಫಲ ಕೊಟ್ಟ ಮರವನ್ನು ಪರೀಕ್ಷಿಸಹೊರಡುವುದು ಕೃತಘ್ನತೆಯಂತೆ ಕಾಣಬಹುದು. ಆದರೂ ಈ ಚಿತ್ರದ ಸುತ್ತ ಐದು ದಶಕಗಳಿಂದ ನಡೆದುಬಂದಿರುವ ಚರ್ಚೆಯಲ್ಲಿ ಒಂದು ವರ್ಗದ ಜನ ಸಂಪೂರ್ಣವಾಗಿ ಮರೆಯಾಗಿದ್ದಾರೆಂದು ನಮಗೆ ತೋರುತ್ತದೆ.

ಚರ್ಚೆಯ ಕಥೆ ಇದು. ಕಾಳೀ ದೇವಾಲಯದ ಪಕ್ಕದಲ್ಲಿ, ಹಿಂದೆ ಯಾತ್ರಿಕರು ತಂಗುತ್ತಿದ್ದ ಕಟ್ಟಡದಲ್ಲಿ, ಮದರ್ ತೆರೇಸಾ 1952ರಲ್ಲಿ ತೆರೆದ ‘ನಿರ್ಮಲ್ ಹೃದಯ’ ಎಂಬ ಮರಣಾಸನ್ನರ ಆಶ್ರಯಮನೆಯ ಒಳಭಾಗ ಬಹಳ ಮಂದಬೆಳಕಿನದು. ಗೋಡೆಯ ಮೇಲ್ಭಾಗದ ಚಿಕ್ಕ ಕಿಟಕಿಗಳಿಂದ ಬರುವಷ್ಟೇ ಬೆಳಕು. ಛಾಯಾಗ್ರಾಹಕ ಕೆನ್ ಮ್ಯಾಕ್‌ಮಿಲನ್ ಅವರ ಬಳಿ ಇದ್ದದ್ದು ಒಂದು ಸಣ್ಣ ದೀಪ. ಅಲ್ಲಿ ಚಿತ್ರೀಕರಣ ಸಾಧ್ಯವಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಆದರೂ ಪ್ರಯತ್ನಿಸಿದರು. ಒಳಗಿನದು ಕೆಟ್ಟರೆ ಇರಲೆಂದು ಹೊರಗಿನ ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದವರನ್ನೂ ಒಂದಿಷ್ಟು ಚಿತ್ರಿಸಿಕೊಂಡರು. ರೀಲು ಸಂಸ್ಕರಣೆಯಾಗಿ ಬಂದಾಗ ಒಳಗಿನ ದೃಶ್ಯಗಳು ಮೃದುವಾದ ಕಾಂತಿಯಿಂದ ಕೂಡಿದ್ದವು, ಹೊರಗಿನವು ಮಬ್ಬಾಗಿದ್ದವು. ಇದು ಪ್ರೀತಿಯ ಪ್ರಭೆ, ಛಾಯಾಗ್ರಹಣದ ಮೊದಲ ನಿಜವಾದ ಪವಾಡ ಎಂದು ಮಗ್ಗರಿಜ್ ಬರೆದರು. ಮ್ಯಾಕ್‌ಮಿಲನ್ ಅವರ ನೆನಪು ಬೇರೆ: ಹೊರಡುವ ಮುನ್ನ ಕೊಡಾಕ್ ಕಂಪನಿಯ ಹೊಸ ಬಗೆಯ ಫಿಲ್ಮ್ ಕೈಗೆ ಬಂದಿತ್ತು, ಪರೀಕ್ಷಿಸಲು ಸಮಯವಿರಲಿಲ್ಲ, ಲಂಡನ್ನಿನಲ್ಲಿ ಆ ದೃಶ್ಯಗಳನ್ನು ನೋಡುತ್ತ ಅವರು ಕೊಡಾಕ್‌ಗೆ ಜೈಕಾರ ಹಾಕಬೇಕೆಂದಿದ್ದಾಗ ಮಗ್ಗರಿಜ್ ಹಿಂತಿರುಗಿ ಅದು ದೈವಿಕ ಬೆಳಕೆಂದು ಘೋಷಿಸಿಬಿಟ್ಟರು.

ಅಂದಿನಿಂದ ವಿಶ್ವಾಸಿಗಳು ಒಂದು ಕಡೆ, ವಿಮರ್ಶಕರು ಇನ್ನೊಂದು ಕಡೆ ನಿಂತು ವಾದಿಸಿದ್ದು ಈ ಬೆಳಕಿನ ಬಗ್ಗೆಯೇ. ಆ ಬೆಳಕು ಯಾರ ಮೇಲೆ ಬಿದ್ದಿತೆಂದು ಕೇಳಿದವರು ವಿರಳ. ನೆಲಕ್ಕೆ ಹತ್ತಿರದ ತಗ್ಗು ಮಂಚಗಳಲ್ಲಿ ಸಾಲಾಗಿ ಮಲಗಿದ್ದ ಗಂಡಸರು, ಹೆಂಗಸರು. ಎಲುಬು ಕಾಣುವ ಮೈ, ಅರೆತೆರೆದ ಕಣ್ಣು. ಪವಾಡವೆಂದವರಿಗೂ ಅಲ್ಲವೆಂದವರಿಗೂ ಅವರು ಬೆಳಕಿನ ಗುಣವನ್ನು ತೋರಿಸಿಕೊಡುವ ವಸ್ತುಗಳಾದರು.

ಮದರ್ ತೆರೇಸಾರಿಗೆ ಕ್ಯಾಮೆರಾ ಎಂದರೆ ಹಿತವಿರಲಿಲ್ಲ. ಚಿತ್ರಕ್ಕೆ ಅವರು ಒಪ್ಪಿದ್ದು ವೆಸ್ಟ್‌ಮಿನ್‌ಸ್ಟರಿನ ಕಾರ್ಡಿನಲ್ ಹೀನನ್ ಅವರ ಪತ್ರ ಬಂದ ಮೇಲೆ. ತಮ್ಮ ಒಂದೊಂದು ಫೋಟೋಗೂ ಒಂದೊಂದು ಆತ್ಮ ಶುದ್ಧೀಕರಣ ಸ್ಥಳದಿಂದ ಬಿಡುಗಡೆಯಾಗಲೆಂದು ಪ್ರಭುವಿನೊಡನೆ ಒಪ್ಪಂದ ಮಾಡಿಕೊಂಡಿರುವುದಾಗಿ ಅವರು ನಗುತ್ತ ಹೇಳುತ್ತಿದ್ದುದು ಪ್ರಸಿದ್ಧ. ತಮ್ಮ ಮುಖವನ್ನು ಕೊಡುವುದು ಅವರಿಗೆ ತ್ಯಾಗವಾಗಿತ್ತು, ಅದಕ್ಕೊಂದು ಬೆಲೆಯನ್ನೂ ಗೊತ್ತುಮಾಡಿದ್ದರು. ಹಾಗಾದರೆ ಮಂಚದ ಮೇಲಿದ್ದವರ ಮುಖದ ಬೆಲೆ? ಆ ಮನೆಯ ಯಜಮಾನಿಯ ಅನುಮತಿ ಪಡೆಯಲು ಒಬ್ಬ ಕಾರ್ಡಿನಲರ ಪತ್ರ ಬೇಕಾಯಿತು. ಮರಣಶಯ್ಯೆಯಲ್ಲಿ ಇದ್ದವನ ಒಪ್ಪಿಗೆಯನ್ನು ಯಾವ ಪತ್ರದಿಂದ ಪಡೆಯಬಹುದಿತ್ತು? ಇಂಥವನು ಒಪ್ಪುವ ಸ್ಥಿತಿಯಲ್ಲಿಲ್ಲ ಎಂಬುದು ಚಿತ್ರಿಸುವವರಿಗೆ ರಿಯಾಯಿತಿಯಲ್ಲ, ಅದೇ ತಡೆಯಾಗಬೇಕಿತ್ತು.

ಸಂತ ಮಾರ್ಕರ ಶುಭಸಂದೇಶ ಈ ವಿಷಯದಲ್ಲಿ ನಾವು ಎಣಿಸುವುದಕ್ಕಿಂತ ಸೂಕ್ಷ್ಮವಾಗಿದೆ. ಏಳನೆಯ ಅಧ್ಯಾಯದಲ್ಲಿ ಕಿವುಡನಾದ, ಮಾತು ತೊದಲುವ ಮನುಷ್ಯನನ್ನು ಜನರು ಕರೆತಂದಾಗ ಯೇಸುಸ್ವಾಮಿ ಅವನನ್ನು ಗುಂಪಿನಿಂದ ಬೇರೆಯಾಗಿ ಕರೆದೊಯ್ಯುತ್ತಾರೆ. ಬೆತ್ಸಾಯಿದದ ಕುರುಡನನ್ನು ಊರಿನ ಹೊರಕ್ಕೆ ನಡೆಸಿಕೊಂಡು ಹೋಗುತ್ತಾರೆ. ಯಾಯೀರನ ಮಗಳ ಕೋಣೆಯಿಂದ ಅಳುತ್ತಿದ್ದವರನ್ನೆಲ್ಲ ಹೊರಗೆ ಕಳುಹಿಸಿ, ತಂದೆತಾಯಿಯರನ್ನೂ ಮೂವರು ಶಿಷ್ಯರನ್ನೂ ಮಾತ್ರ ಉಳಿಸಿಕೊಳ್ಳುತ್ತಾರೆ. ವ್ಯಾಖ್ಯಾನಕಾರರು ಇದನ್ನು ‘ಮೆಸ್ಸೀಯ ರಹಸ್ಯ’ವೆಂಬ ಶೀರ್ಷಿಕೆಯಡಿ ಸೇರಿಸುತ್ತಾರೆ, ನಾವೂ ಪರೀಕ್ಷೆಯಲ್ಲಿ ಹಾಗೆಯೇ ಬರೆದಿದ್ದೇವೆ. ಆದರೆ ಅಲ್ಲಿ ರಕ್ಷಿತವಾದದ್ದು ಕ್ರಿಸ್ತರ ಗುಟ್ಟು ಮಾತ್ರವೇ? ಆ ಹನ್ನೆರಡು ವರ್ಷದ ಹುಡುಗಿ ಕಣ್ಣು ಬಿಟ್ಟಾಗ ಅವಳ ಸುತ್ತ ಸಂತೆ ನೆರೆದಿರಬಾರದೆಂಬ ಕಾಳಜಿಯೂ ಅಲ್ಲಿರಬಹುದಲ್ಲವೇ?

ಇಷ್ಟಕ್ಕೇ ನಿಲ್ಲಿಸಿದರೆ ಸುಲಭವಾಗುತ್ತಿತ್ತು: ದುರ್ಬಲರನ್ನು ಚಿತ್ರಿಸಬೇಡಿರಿ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅದೇ ಮಾರ್ಕರ ಮೂರನೆಯ ಅಧ್ಯಾಯದಲ್ಲಿ, ಸಬ್ಬತ್ ದಿನ ಪ್ರಾರ್ಥನಾಮಂದಿರದಲ್ಲಿ, ಯೇಸುಸ್ವಾಮಿ ಕೈ ಬತ್ತಿದ ಮನುಷ್ಯನನ್ನು ಎಲ್ಲರ ನಡುವೆ ಎದ್ದು ನಿಲ್ಲುವಂತೆ ಹೇಳುತ್ತಾರೆ. ಇಲ್ಲಿ ಮರೆಯಿಲ್ಲ. ಮತ್ತು ಅವರ ಕೋಪದ ದೃಷ್ಟಿ ಹರಿಯುವುದು ತಪ್ಪು ಹುಡುಕಲು ಕಾದು ಕುಳಿತವರ ಮೇಲೆ.

ಈ ಎರಡನೆಯ ಬಗೆಯ ಚಿತ್ರಕ್ಕೆ ಉದಾಹರಣೆ ಬೇಕಾದರೆ ಅಮೆರಿಕದ ಫ್ರೆಡರಿಕ್ ವೈಸ್‌ಮನ್ ಅವರ ‘ಟಿಟಿಕಟ್ ಫಾಲೀಸ್’ (1967) ಇದೆ. ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಜ್‌ವಾಟರಿನಲ್ಲಿ ಮಾನಸಿಕ ಅಸ್ವಸ್ಥರೆನಿಸಿದ ಕೈದಿಗಳ ಸರ್ಕಾರಿ ಸಂಸ್ಥೆಯ ಒಳಗಿನ ಚಿತ್ರ. ಬೆತ್ತಲೆ ಇರಿಸಿದ ಮನುಷ್ಯರು, ಅವರನ್ನು ಛೇಡಿಸುವ ಕಾವಲುಗಾರರು. ಊಟ ಬಿಟ್ಟವನ ಮೂಗಿಗೆ ನಳಿಕೆ ತುರುಕಿ ಆಹಾರ ಸುರಿಯುವ ವೈದ್ಯನ ಬಾಯಲ್ಲಿ ಸಿಗರೇಟು. ಆ ದೃಶ್ಯದ ನಡುನಡುವೆ ಅದೇ ಕೈದಿಯ ಶವವನ್ನು ಅಂತ್ಯಕ್ರಿಯೆಗೆ ಸಿದ್ಧಪಡಿಸುವುದನ್ನು ವೈಸ್‌ಮನ್ ಜೋಡಿಸಿದ್ದಾರೆ. ಶವದ ಗಡ್ಡ ಬೋಳಿಸುವ ಕೈಯಲ್ಲಿ ಇರುವ ಎಚ್ಚರ ಬದುಕಿದ್ದಾಗ ಅವನಿಗೆ ಸಿಗಲಿಲ್ಲ. ಕೈದಿಗಳ ಖಾಸಗಿತನಕ್ಕೆ ಭಂಗ ಬಂದಿದೆಯೆಂದು ರಾಜ್ಯ ಸರ್ಕಾರವೇ ನ್ಯಾಯಾಲಯಕ್ಕೆ ಹೋಯಿತು. ಒಬ್ಬ ನ್ಯಾಯಾಧೀಶರು ಪ್ರತಿಗಳನ್ನು ನಾಶಮಾಡಬೇಕೆಂದರು. 1969ರಲ್ಲಿ ರಾಜ್ಯದ ಉಚ್ಚ ನ್ಯಾಯಪೀಠ ಅದನ್ನು ಸಡಿಲಿಸಿ, ವೈದ್ಯರು, ವಕೀಲರು, ಸಮಾಜಸೇವಕರು, ವಿದ್ಯಾರ್ಥಿಗಳು ಮುಂತಾದವರು ಮಾತ್ರ ನೋಡಬಹುದೆಂದಿತು. ಸಾರ್ವಜನಿಕರಿಗೆ ಅದು ಸಿಕ್ಕಿದ್ದು 1991ರಲ್ಲಿ. ಬಟ್ಟೆ ಕೊಡದೆ ಇರಿಸಿದವರೇ ಈಗ ಅವರ ಮಾನದ ರಕ್ಷಕರಾಗಿ ನಿಂತದ್ದನ್ನು ಗಮನಿಸಬೇಕು.

ಈ ಮಾತು ನಮಗೆ ಇರಿಯಬೇಕಾದ ಮಾತು. ಕುಡಿದು ಬೆತ್ತಲಾಗಿ ಮಲಗಿದ ನೋಹನಿಗೆ ಹಿಮ್ಮೊಗವಾಗಿ ನಡೆದುಬಂದು ಹೊದಿಕೆ ಹೊದಿಸಿದ ಮಕ್ಕಳನ್ನು ನಾವು ಹೊಗಳುತ್ತೇವೆ. ಆದರೆ ಮಕ್ಕಳ ಮೇಲಿನ ದೌರ್ಜನ್ಯದ ವಿಷಯದಲ್ಲಿ ಧರ್ಮಸಭೆ ಎಷ್ಟೋ ದೇಶಗಳಲ್ಲಿ ಅದೇ ಹೊದಿಕೆಯನ್ನು ಗಾಯಗೊಂಡವರಿಗೆ ಹೊದಿಸದೆ ತನ್ನ ಮೈಗೇ ಸುತ್ತಿಕೊಂಡಿತು. ಅದನ್ನು ಕಿತ್ತು ತೆಗೆದವರಲ್ಲಿ ಪತ್ರಕರ್ತರೂ ಸಾಕ್ಷ್ಯಚಿತ್ರಕಾರರೂ ಇದ್ದರು. ಕಾಳೀಘಾಟಿನ ವಿಷಯದಲ್ಲೂ ಅಷ್ಟೇ. 1994ರಲ್ಲಿ ಕ್ರಿಸ್ಟೋಫರ್ ಹಿಚಿನ್ಸ್ ಬ್ರಿಟನ್ನಿನ ಚಾನೆಲ್ 4ಕ್ಕಾಗಿ ನಿರೂಪಿಸಿದ ‘ಹೆಲ್ಸ್ ಏಂಜೆಲ್’ ನಮಗೆ ಕಹಿಯಾದದ್ದು, ಹಲವೆಡೆ ಅನ್ಯಾಯದ್ದೂ ಹೌದು. ಆದರೆ ಅಲ್ಲಿ ಮಲಗಿದ್ದವರಿಗೆ ನೋವುನಿವಾರಕ ಸಿಗುತ್ತಿತ್ತೇ ಎಂಬ ಪ್ರಶ್ನೆಯನ್ನು ಅದು ಎತ್ತಿತು. ಬೆಳಕನ್ನು ಕೊಂಡಾಡಿದ ನಮ್ಮ ಬರಹಗಳು ಅದನ್ನು ಎತ್ತಲಿಲ್ಲ.

ಬ್ರಿಜ್‌ವಾಟರಿನ ಚಿತ್ರವನ್ನು ನಾವು ಸಮರ್ಥಿಸುತ್ತೇವೆ; ಪೂರ್ಣ ನೆಮ್ಮದಿಯಿಂದಲ್ಲ. ಮಾರ್ಕರ ಕಥೆಯ ಮನುಷ್ಯನಿಗೆ ಕೈ ಮರಳಿ ಬಂತು. ನಳಿಕೆಯ ಕೆಳಗಿದ್ದವನಿಗೆ ಆ ಚಿತ್ರದಿಂದ ಏನೂ ಬರಲಿಲ್ಲ, ಅವನ ಅವಮಾನ ಮಾತ್ರ ಶಾಶ್ವತವಾಯಿತು. ಅಲ್ಲಿಯೂ ಅಧಿಕಾರಿಗಳ ಅನುಮತಿ ಇತ್ತು. ಕೈದಿಗಳ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದೇ ವಿವಾದವಾಯಿತು. ಆದರೂ ಅಲ್ಲಿ ಕ್ಯಾಮೆರಾ ಅವನನ್ನು ನಡುವೆ ನಿಲ್ಲಿಸಿ ತಿರುಗಿದ್ದು ಹಿಂಸಿಸಿದವರ ಕಡೆಗೆ. ಕಾಳೀಘಾಟಿನಲ್ಲಿ ಅದು ಹಿಂಸೆಯಿಂದ ಹಿಂಸೆಯನ್ನು ನಿವಾರಿಸುವವರ ಕಡೆಗೆ ತಿರುಗಿ, ನಮ್ಮನ್ನು ಮೆಚ್ಚುಗೆಯಲ್ಲಿ ತಂಗಿಸಿತು. ಡಾಕ್ಯುಮೆಂಟರಿಗೆ ಕನ್ನಡವು ‘ಸಾಕ್ಷ್ಯಚಿತ್ರ’ ಎಂಬ ಪದವನ್ನು ಆರಿಸಿಕೊಂಡಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಾಕ್ಷಿ ಯಾರ ಪರ ನುಡಿಯುತ್ತಿದ್ದಾನೆಂದು ಕೇಳಬೇಕಾಗುತ್ತದೆ. ನಮ್ಮ ಪರವೋ, ಅಥವಾ ಅಲ್ಲಿ ಮಲಗಿದವನ ಪರವೋ?

ಇದು ಬಿ.ಬಿ.ಸಿ.ಯವರ ಸಮಸ್ಯೆಯಷ್ಟೇ ಆಗಿದ್ದರೆ ಈ ಪತ್ರಿಕೆಯಲ್ಲಿ ಬರೆಯುತ್ತಿರಲಿಲ್ಲ. ಇಂದು ಪ್ರತಿಯೊಬ್ಬ ಗುರು ಅಭ್ಯರ್ಥಿಯ ಜೇಬಿನಲ್ಲೂ ಮ್ಯಾಕ್‌ಮಿಲನ್ ಅವರ ಬಳಿ ಇದ್ದದ್ದಕ್ಕಿಂತ ಚುರುಕಾದ ಕ್ಯಾಮೆರಾ ಇದೆ. ಮಂದಬೆಳಕು ಈಗ ಯಾರನ್ನೂ ಕಾಪಾಡುವುದಿಲ್ಲ. ವಾರಾಂತ್ಯದ ಸೇವೆಗೆ ವೃದ್ಧಾಶ್ರಮಕ್ಕೆ ಹೋದವರು ಹಣ್ಣು ಕೊಡುವಾಗ ವೀಡಿಯೊ ತೆಗೆಯುತ್ತಾರೆ, ಸಂಜೆಯೊಳಗೆ ಅದು ಊರೆಲ್ಲ ಹರಿದಾಡುತ್ತದೆ. ಕೇಳಿದರೆ, ಸಿಸ್ಟರ್ ಒಪ್ಪಿದರು ಫಾದರ್, ಎನ್ನುತ್ತಾರೆ. ಒಪ್ಪಿದ್ದು ಮನೆಯ ಮುಖ್ಯಸ್ಥೆ; ಬಾಯಿಗೆ ಬಾಳೆಹಣ್ಣು ಹಿಡಿಸಿಕೊಂಡ ಅಜ್ಜಿಯಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ, ಸಂಪರ್ಕ ಮಾಧ್ಯಮಗಳ ಕುರಿತ ಆದೇಶಪತ್ರದಲ್ಲಿ, ಸುದ್ದಿಯನ್ನು ಪ್ರಕಟಿಸುವಾಗ ಮಾತ್ರವಲ್ಲ, ಸಂಗ್ರಹಿಸುವಾಗಲೂ ವ್ಯಕ್ತಿಯ ಹಕ್ಕು ಮತ್ತು ಘನತೆಯನ್ನು ಗೌರವಿಸಬೇಕೆಂದು ಹೇಳಿತ್ತು. ಸಂಗ್ರಹಿಸುವಾಗಲೂ, ಅಂದರೆ ಜೇಬಿನಿಂದ ಫೋನ್ ತೆಗೆಯುವಾಗಲೇ.

ಮಗ್ಗರಿಜ್ ಅವರ ಚಿತ್ರವನ್ನು ಗುರುಮಠಗಳಲ್ಲಿ ತೋರಿಸುವುದನ್ನು ನಿಲ್ಲಿಸಬೇಕೆಂದು ನಾವು ಕೇಳುತ್ತಿಲ್ಲ. ತೋರಿಸುವಾಗ ನಿರ್ಮಲ್ ಹೃದಯದ ಭಾಗ ಬಂದ ಕೂಡಲೇ ನಿರೂಪಕರ ಧ್ವನಿಯನ್ನು ಅಡಗಿಸಿ, ಮಂಚಗಳ ಮೇಲಿರುವ ಮುಖಗಳನ್ನು ಒಂದೊಂದಾಗಿ ನೋಡಬಹುದು. ಇವರಲ್ಲಿ ಯಾರಾದರೂ ಕ್ಯಾಮೆರಾದಿಂದ ಮುಖ ತಿರುಗಿಸುತ್ತಿದ್ದಾರೆಯೇ ಎಂದು ಅಭ್ಯರ್ಥಿಗಳನ್ನು ಕೇಳಬಹುದು. ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದವರ ರೀಲು ಮಬ್ಬಾಗಿ ಬಂದಿತಷ್ಟೆ. ಅದನ್ನು ಯಾರೂ ಒಂದು ಸೂಚನೆಯೆಂದು ತಿಳಿದಂತಿಲ್ಲ.