ಸುದ್ದಿಯ ನಷ್ಟ ಯಾರ ಲೆಕ್ಕಕ್ಕೆ?

2023ರ ಏಪ್ರಿಲ್ 18ರಂದು ಅಮೆರಿಕದ ಫಾಕ್ಸ್ ನ್ಯೂಸ್ ವಾಹಿನಿ ಡೊಮಿನಿಯನ್ ಎಂಬ ಮತಯಂತ್ರ ಕಂಪೆನಿಗೆ 78 ಕೋಟಿ 75 ಲಕ್ಷ ಡಾಲರ್ ಕೊಡಲು ಒಪ್ಪಿ ಮಾನನಷ್ಟ ಮೊಕದ್ದಮೆಯಿಂದ ಪಾರಾಯಿತು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ಕಂಪೆನಿಯ ಯಂತ್ರಗಳು ಮೋಸ ಮಾಡಿದವು ಎಂಬ ಸುಳ್ಳನ್ನು ವಾಹಿನಿ ಬಿತ್ತರಿಸಿತ್ತು. ಅಲ್ಲಿನ ಹೆಸರಾಂತ ನಿರೂಪಕರೇ ಆ ಮಾತನ್ನು ನಂಬಿರಲಿಲ್ಲ ಎಂಬುದು ಮೊಕದ್ದಮೆಯಲ್ಲಿ ಬಯಲಾದ ಅವರ ಖಾಸಗಿ ಸಂದೇಶಗಳಿಂದ ಗೊತ್ತಾಯಿತು. ಒಪ್ಪಂದವಾದ ಆರು ದಿನಕ್ಕೆ ವಾಹಿನಿಯ ಜನಪ್ರಿಯ ನಿರೂಪಕ ಟಕರ್ ಕಾರ್ಲ್‌ಸನ್ ಹೊರಬಿದ್ದರು. ಕಂಪೆನಿಗೆ ಲೆಕ್ಕಪುಸ್ತಕವಿತ್ತು, ವಕೀಲರಿದ್ದರು. ಅದು ತನ್ನ ನಷ್ಟವನ್ನು ಅಳೆದು ತೋರಿಸಿತು. ಅಳತೆಗೆ ಸಿಗದ ನಷ್ಟದ ಗತಿಯೇನು?

ಕಥೆ ಬರೆಯುವ ನಮಗೆ 'ನಿರೂಪಕ' ಎಂಬ ಪದವೇ ಕುತೂಹಲಕರವಾಗಿ ಕಾಣುತ್ತದೆ. ದೂರದರ್ಶನದ ಕಾಲದಲ್ಲಿ ವಾರ್ತೆ ಓದುವವರಿದ್ದರು. ಓದಿ, ನಮಸ್ಕಾರ ಹೇಳಿ ಹೋಗುತ್ತಿದ್ದರು. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದಂತೆ ಓದುವವರ ಜಾಗಕ್ಕೆ ನಿರೂಪಕರು ಬಂದರು. ಎಚ್.ಆರ್. ರಂಗನಾಥ್ ಅವರಂಥ ಪತ್ರಕರ್ತರು ವಾಹಿನಿಗೇ ಮುಖವಾದರು. ಕಥೆಯಲ್ಲಿ ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು ಎಂದು ತೀರ್ಮಾನಿಸುವವನು ನಿರೂಪಕ. ಕಥೆಗಾರನಿಗೆ ಆ ಸ್ವಾತಂತ್ರ್ಯ ಸಲ್ಲುತ್ತದೆ, ಏಕೆಂದರೆ ಅವನ ಪಾತ್ರಗಳು ನಾಳೆ ಬೆಳಗ್ಗೆ ಸಂತೆಗೆ ಹೋಗಬೇಕಾಗಿಲ್ಲ. ಸುದ್ದಿಯ ಪಾತ್ರಗಳು ಹೋಗಬೇಕು.

ನಿರೂಪಕನಿಗೆ ಅಭಿಪ್ರಾಯವೇ ಇರಬಾರದೆಂದು ನಾವು ಹೇಳುತ್ತಿಲ್ಲ. ಸಿಬಿಎಸ್ ವಾಹಿನಿಯ ವಾಲ್ಟರ್ ಕ್ರಾಂಕೈಟ್ 1968ರಲ್ಲಿ ವಿಯೆಟ್ನಾಂಗೆ ಹೋಗಿ ಕಣ್ಣಾರೆ ಕಂಡು ಬಂದು, ಇದು ನನ್ನ ಸ್ವಂತ ಅಭಿಪ್ರಾಯವೆಂದು ಸ್ಪಷ್ಟವಾಗಿ ಹೇಳಿಯೇ ಯುದ್ಧದ ಬಗ್ಗೆ ಮಾತಾಡಿದರು. ಹೋಗುವುದು, ನೋಡುವುದು, ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಹೇಳುವುದು: ಈ ಮೂರರಲ್ಲಿ ನಮ್ಮ ವಾಹಿನಿಗಳು ಎಷ್ಟನ್ನು ಉಳಿಸಿಕೊಂಡಿವೆ?

2020ರ ಏಪ್ರಿಲ್ ನೆನಪಿಸಿಕೊಳ್ಳೋಣ. ದೆಹಲಿಯ ತಬ್ಲೀಗಿ ಜಮಾತ್ ಸಭೆಯ ಸುದ್ದಿ ಬಂದದ್ದೇ ತಡ, ಪರದೆಯ ಮೇಲೆ ಒಂದು ರೋಗಕ್ಕೆ ಒಂದು ಧರ್ಮ ಅಂಟಿಕೊಂಡಿತು. ಅದೇ ದಿನಗಳಲ್ಲಿ ರಾಮನಗರ ಜಿಲ್ಲೆಯ ಅಂಕನಹಳ್ಳಿಯಲ್ಲಿ, ಮುಸ್ಲಿಮರೊಂದಿಗೆ ಬೆರೆತವರಿಗೆ ದಂಡ ಹಾಕುವುದಾಗಿ ಸಾರಿದ ವರದಿ ಬಂತು. ಇದಕ್ಕೆ ಟಿವಿಯೊಂದೇ ಕಾರಣವೆನ್ನಲಾಗದು. ಆದರೆ ಮನೆಯಿಂದ ಹೊರಗೆ ಕಾಲಿಡಲಾಗದ ಜನರಿಗೆ ಹೊರಲೋಕ ಕಂಡದ್ದು ಟಿವಿ ಮತ್ತು ಮೊಬೈಲಿನಲ್ಲೇ. ಯಾರೂ ಮುಸ್ಲಿಮರ ವಿರುದ್ಧ ಮಾತಾಡಬಾರದೆಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಎಚ್ಚರಿಸಬೇಕಾಯಿತು.

ಅದೇ ತಿಂಗಳು ಬೆಂಗಳೂರಿನ ಪಾದರಾಯನಪುರದಲ್ಲಿ ದಾಂಧಲೆ ನಡೆಯಿತು. ಅದು ತಪ್ಪು, ಅದನ್ನು ವರದಿ ಮಾಡುವುದು ವಾಹಿನಿಗಳ ಕರ್ತವ್ಯ. ಆರೋಪಿಗಳನ್ನು ಹಸಿರು ವಲಯದಲ್ಲಿದ್ದ ರಾಮನಗರದ ಜೈಲಿಗೆ ತಂದರು. ಅವರಲ್ಲಿ ಕೆಲವರಿಗೆ ಸೋಂಕು ಕಂಡಿತು. ಮತ್ತೆ ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಿದರು. ಇಲ್ಲಿಗೇಕೆ ತಂದಿರಿ ಎಂದು ಕುಮಾರಸ್ವಾಮಿಯವರು ಸರ್ಕಾರವನ್ನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೆ ನಾವು ನೋಡಿದ ಚರ್ಚೆಗಳಲ್ಲಿ ಆ ಪ್ರಶ್ನೆ ಸರ್ಕಾರದ ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲದೆ ಒಂದು ಸಮುದಾಯದ ಕಡೆಗೇ ತಿರುಗಿತು.

ಬೆಂಗಳೂರಿನ ನಾಗರಿಕ ಗುಂಪೊಂದು ಜಮಾತ್ ಕುರಿತ ಕಾರ್ಯಕ್ರಮಗಳ ಮೇಲೆ ದೂರು ಕೊಟ್ಟಿತು. ಪ್ರಸಾರಕರದೇ ಸ್ವಯಂ ನಿಯಂತ್ರಣ ಸಂಸ್ಥೆ ಎನ್‌ಬಿಎಸ್‌ಎ 2021ರ ಜೂನ್‌ನಲ್ಲಿ ಅವು ಪೂರ್ವಗ್ರಹದಿಂದ ಕೂಡಿವೆಯೆಂದು ಕಂಡು ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ಆ ದಂಡ ಸೇರುವುದೂ ಪ್ರಸಾರಕರ ಸಂಘಕ್ಕೇ, ನೊಂದವರಿಗಲ್ಲ. ಆದೇಶ ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಪಡೆದ ಈ ಜಿಲ್ಲೆಯ ಬದುಕನ್ನು ನೋಡಿ. ಕನಕಪುರ, ಮಾಗಡಿ ಕಡೆಯ ರೈತರು ಬೆಳೆದ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ರೈತರು ಬಹುಪಾಲು ಹಿಂದೂಗಳು, ಕೊಂಡು ನೂಲು ಬಿಚ್ಚುವ ರೀಲರುಗಳು ಬಹುಪಾಲು ಮುಸ್ಲಿಮರು. ಚನ್ನಪಟ್ಟಣದ ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಕೈಗಳಲ್ಲಿ ಎರಡೂ ಕಡೆಯವರಿದ್ದಾರೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಚನ್ನಪಟ್ಟಣದ ಹೆಸರೆತ್ತಿದಾಗ ಬೊಂಬೆ ನಾಡಿನ ಹೆಮ್ಮೆಯಾಯಿತು. ನಾಲ್ಕೇ ತಿಂಗಳ ಹಿಂದೆ ಆ ಕೈಗಳಲ್ಲಿ ಕೆಲವು ಪರದೆಯ ಮೇಲೆ ಅನುಮಾನದ ಕೈಗಳಾಗಿದ್ದವು. ಈ ನಂಬಿಕೆ ಮುರಿದರೆ ರೈತನಿಗೂ ನಷ್ಟ, ರೀಲರಿಗೂ ನಷ್ಟ. ಅದನ್ನು ಬರೆದಿಡುವ ಲೆಕ್ಕಪುಸ್ತಕ ಯಾವ ನ್ಯಾಯಾಲಯದಲ್ಲೂ ಇಲ್ಲ.

ಹಾಗಾಗಿ ಲೆಕ್ಕವನ್ನು ನೋಡುಗರೇ ಇಡಬೇಕು. ಪ್ರಸಾರವಾದ ಏಳು ದಿನದೊಳಗೆ ವಾಹಿನಿಗೇ ದೂರು ಬರೆಯಬಹುದು. ದಂಡ ಚಿಕ್ಕದಾದರೂ ತಪ್ಪು ದಾಖಲಾಗುತ್ತದೆ. ರೀಲರು ಗೂಡಿಗೆ ಕೈಯಾಡಿಸಿ ನೋಡದೆ ಬೆಲೆ ಹೇಳುವುದಿಲ್ಲ. ಪಕ್ಕದ ಮನೆಯವರ ಬಗ್ಗೆ ಸುದ್ದಿ ಕೇಳಿದಾಗ ಅಷ್ಟು ಜಾಗ್ರತೆಯಾದರೂ ನಮಗೆ ಬೇಡವೇ?