ಕಡಲೆಕಾಯಿ ಮೂಟೆ ಮತ್ತು ಕಾದಂಬರಿಕಾರ

ದಲಿತರು ಕವಿತೆ ಬರೆದರು, ಕಥೆ ಬರೆದರು, ಆತ್ಮಕಥೆ ಬರೆದರು. ಕಾದಂಬರಿ ಮಾತ್ರ ಅವರ ಕೈಗೆ ಹತ್ತಲಿಲ್ಲ ಅಂತ ನಮ್ಮ ವಿಮರ್ಶೆಯಲ್ಲಿ ಒಂದು ಗೊಣಗಾಟ ಇದೆ. ಇದರೊಳಗೆ ಮೆಟ್ಟಿಲಿನ ಲೆಕ್ಕ ಅಡಗಿದೆ. ನೋವು ಇದ್ದವನು ಕೂಗುತ್ತಾನೆ, ಅದು ಕವಿತೆ. ಅನುಭವ ಇದ್ದವನು ಹೇಳಿಕೊಳ್ಳುತ್ತಾನೆ, ಅದು ಆತ್ಮಕಥೆ. ಲೋಕವನ್ನೇ ಕಟ್ಟಿ ನಿಲ್ಲಿಸುವವನು ಕಾದಂಬರಿಕಾರ, ಅವನು ಮೇಲಿನ ಮೆಟ್ಟಿಲಿನವನು! ಸಾಹಿತ್ಯ ಪ್ರಕಾರಗಳಿಗೂ ಜಾತಿ ಹಚ್ಚಿದ ಹಾಗಾಯ್ತು.

ಕಾರಂತರ ‘ಚೋಮನ ದುಡಿ’ಯನ್ನು (1933) ತಳ್ಳಿಹಾಕುವುದು ಸುಲಭ, ಸರಿಯಲ್ಲ. ಹೊಲೆಯನೊಬ್ಬನ ಬೇಸಾಯದ ಆಸೆಯನ್ನು ಕಾದಂಬರಿಯ ನಡುಮನೆಗೆ ತಂದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಅಲ್ಲಿ ಕೇಡಿನ ಮೇಲೆ ಕೇಡು ಬೀಳುತ್ತದೆ. ಚೋಮನಿಗಿಂತ ಅವನ ದುಡಿಯೇ ಹೆಚ್ಚು ಮಾತಾಡುತ್ತದೆ. ಓದುಗ ಮರುಗುತ್ತಾನೆ, ಮರುಗಿ ಹಗುರಾಗುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಒಂದು ಹೆಜ್ಜೆ ಮುಂದೆ ಹೋಯಿತು. ಗುತ್ತಿಗೆ ತಿಮ್ಮಿಯ ಮೇಲೆ ಪ್ರೀತಿಯಿದೆ, ಅವಳನ್ನು ಹಾರಿಸಿಕೊಂಡು ಹೋಗುವ ಎದೆಗಾರಿಕೆಯಿದೆ, ಹಿಂದೆ ಹುಲಿಯ ಅನ್ನೋ ನಾಯಿಯೂ ಇದೆ. ಮರುಕ ಅಲ್ಲಿ ಹಿಂದೆ ಬೀಳುತ್ತದೆ.

ಈಗ ದೇವನೂರ ಮಹಾದೇವರ ‘ಒಡಲಾಳ’ಕ್ಕೆ ಬನ್ನಿ. ಸಾಕವ್ವನ ಮನೆಗೆ ಕದ್ದ ಕಡಲೆಕಾಯಿ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ, ತಿನ್ನುತ್ತ ಮಾತಾಡುತ್ತಾರೆ, ನಗುತ್ತಾರೆ. ಬೆಳಗಾಗುವುದರೊಳಗೆ ಮೂಟೆ ಹೊಟ್ಟೆ ಸೇರಿರುತ್ತದೆ. ಆಮೇಲೆ ಪೊಲೀಸರು. ಸಂಘಟನೆಯ ಗೆಳೆಯರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: ನಮ್ಮವರನ್ನ ಕಳ್ಳರು ಅಂತ ತೋರಿಸಿದರೆ ಊರಿನವರ ಬಾಯಿಗೆ ನಾವೇ ಕೋಲು ಕೊಟ್ಟಂಗಲ್ವ? ಪ್ರಶ್ನೆ ಸುಳ್ಳಲ್ಲ. ಕೇರಿಯ ಮೇಲೆ ಕಳ್ಳತನದ ಆರೋಪ ಹೊರಿಸಿ ಹೊಡೆದ ಚರಿತ್ರೆ ನಮ್ಮ ಬೆನ್ನ ಮೇಲೇ ಇದೆ. ಆದರೂ ಮಹಾದೇವ ಆ ಮೂಟೆಯನ್ನು ಬಚ್ಚಿಡಲಿಲ್ಲ. ಕದ್ದದ್ದಕ್ಕೆ ಸಮಜಾಯಿಷಿ ಬರೆಯಲಿಲ್ಲ, ಹಸಿವಿನ ಮೇಲೆ ಭಾಷಣವನ್ನೂ ಮಾಡಿಸಲಿಲ್ಲ. ಆ ರಾತ್ರಿಯ ಸಡಗರವನ್ನು ಹಾಗೇ ಬಿಟ್ಟರು. ಸಾಕವ್ವನನ್ನು ತೊಳೆದು ಒರೆಸಿ ಒಳ್ಳೆಯವಳಾಗಿ ನಿಲ್ಲಿಸಿದ್ದರೆ ಅವಳು ನ್ಯಾಯಾಲಯದ ಸಾಕ್ಷಿ ಆಗುತ್ತಿದ್ದಳು, ಮನುಷ್ಯಳಾಗುತ್ತಿರಲಿಲ್ಲ. ಕಾದಂಬರಿಕಾರ ಅಂದರೆ ತನ್ನವರ ವಕೀಲನಲ್ಲ. ವಕೀಲಿಕೆಗೆ ಕರಪತ್ರ ಇದೆ, ಧರಣಿ ಇದೆ, ಅವು ಬೇಕು ಕೂಡ. (‘ಒಡಲಾಳ’ ನೀಳ್ಗತೆಯೋ ಕಾದಂಬರಿಯೋ ಅಂತ ಮೇಷ್ಟ್ರುಗಳು ಅಳೆಯುತ್ತ ಕೂರಲಿ. ಮೂಟೆ ಖಾಲಿಯಾದ ಮೇಲೆ ತೂಕ ಯಾಕೆ?)

‘ಕುಸುಮಬಾಲೆ’ಯಲ್ಲಿ ಕಟ್ಟುವ ಕೆಲಸ ಇನ್ನೊಂದು ಬಗೆಯದು. ಅಲ್ಲಿ ಮಂಚ ಮಾತಾಡುತ್ತದೆ, ಜೋತಮ್ಮಗಳು ಇರುಳಲ್ಲಿ ಸೇರಿ ಮನೆಮನೆಯ ಸುದ್ದಿ ಹೇಳುತ್ತವೆ. ಎಲ್ಲವನ್ನೂ ಬಲ್ಲ ಯಜಮಾನನ ದನಿಯೊಂದು ಕಾದಂಬರಿಯ ಜಗಲಿ ಮೇಲೆ ಕೂತಿರಬೇಕು ಅನ್ನೋ ನೇಮವನ್ನೇ ಅದು ಒಡೆಯಿತು. ಚೆನ್ನನ ಕೊಲೆಯಂಥ ಕೊಲೆಗಳು ಪೊಲೀಸ್ ದಾಖಲೆಗೆ ಬರದೆ ಹೋಗಬಹುದು, ಆದರೆ ಊರಿನ ಪಿಸುಮಾತಿಗೆ ಬಂದೇ ಬರುತ್ತವೆ. ಆ ಪಿಸುಮಾತನ್ನೇ ಕಥನದ ಬೆನ್ನೆಲುಬು ಮಾಡಿದ್ದು ತಂತ್ರದ ಚಮತ್ಕಾರ ಅಲ್ಲ, ಸಾಕ್ಷಿಯ ಪ್ರಶ್ನೆ. ನಂಜನಗೂಡು ಸೀಮೆಯ ಆಡುಮಾತು ಅರ್ಥವಾಗಲ್ಲ ಅಂತ ದೂರಿದವರು ಹಳಗನ್ನಡಕ್ಕೆ ನಿಘಂಟು ಹಿಡಿದು ಕೂರೋದಕ್ಕೆ ಬೇಸರ ಪಟ್ಟವರಲ್ಲ. ಎಲ್. ಬಸವರಾಜು ಅಂಥ ವಿದ್ವಾಂಸರು ಈ ಗದ್ಯವನ್ನು ಸಾಲು ಒಡೆದು ಕಾವ್ಯದಂತೆ ಜೋಡಿಸಿ ತೋರಿಸಿದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ಅದಾದ ಮೇಲೆ ಮಹಾದೇವ ಇನ್ನೊಂದು ಕಾದಂಬರಿ ಕೊಡಲಿಲ್ಲ. ಯಾಕೆ ಬರೆಯಲ್ಲ ಅಂತ ಕೇಳುವವರು ಕಾದಂಬರಿಗೆ ಏನು ಬೇಕು ಅಂತಾನೂ ಕೇಳಿಕೊಳ್ಳಲಿ. ಕವಿತೆ ಬಸ್ಸಿನಲ್ಲೂ ಹುಟ್ಟೀತು. ಕಾದಂಬರಿಗೆ ಒಂದು ಕೋಣೆ, ಕೆಡದ ದೀಪ, ಯಾರೂ ಬಾಗಿಲು ತಟ್ಟದ ಎರಡು ಮೂರು ವರ್ಷ ಬೇಕು. ನಮ್ಮ ಬರಹಗಾರನ ಬಾಗಿಲನ್ನು ಬೆಳಗ್ಗೆ ಅಂತರ್ಜಾತಿ ಮದುವೆಯಾಗಿ ಓಡಿಬಂದ ಜೋಡಿ ತಟ್ಟುತ್ತದೆ, ಮಧ್ಯಾಹ್ನ ತಹಶೀಲ್ದಾರರಿಗೆ ಮನವಿ ಬರೆಸುವವರು, ಸಂಜೆ ಭಾಷಣಕ್ಕೆ ಕರೆಯುವವರು. ಆ ಕರೆಯುವವರಲ್ಲಿ ಈ ಪತ್ರಿಕೆಯ ನಾವೂ ಇದ್ದೀವಿ.