1800 ಅಡಿಯ ಗೆರೆ

ಲಿಂಗನಮಕ್ಕಿ ಜಲಾಶಯದ ಭರ್ತಿ ಮಟ್ಟ 1819 ಅಡಿ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲು ಸರ್ವೆ ಆಫ್ ಇಂಡಿಯಾದವರು ಅಳೆದ, ಮೈಲಿಗೆ ಒಂದಂಗುಲದ ಹಳೆಯ ಹಾಳೆ ಸಿಕ್ಕರೆ, ಅಣೆಕಟ್ಟಿನ ಜಾಗದಿಂದ ಮೇಲಕ್ಕೆ, ಶರಾವತಿ ಹೊಳೆಯ ಎರಡೂ ಬದಿಯಲ್ಲಿ 1800 ಅಡಿಯ ಕಂದು ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಆ ಗೆರೆಯೊಳಗಿನ ಊರು, ಗದ್ದೆ, ಗುಡಿ ಎಲ್ಲವೂ ಮುಳುಗಡೆಯ ಪಾಲು. ಶರಾವತಿ ಕಣಿವೆಯ ಗತಕಾಲವನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಆದರೆ ಅನೇಕರು ಇಲ್ಲಿಗೇ ನಿಂತುಬಿಡುತ್ತಾರೆ ಎಂಬುದೇ ನನ್ನ ತಕರಾರು.

ಮೊದಲು ಉಳಿದ 19 ಅಡಿಯನ್ನೇ ನೋಡಿ. ಇಂಥ ಹಾಳೆಗಳಲ್ಲಿ 50 ಅಡಿಗೊಂದು ಗೆರೆ ಇರುವುದೇ ಸಾಮಾನ್ಯ. 1800 ಆದಮೇಲೆ 1850. ನಡುವಿನ ಇಳಿಜಾರಿನಲ್ಲಿ ಯಾರ ಅಂಗಳದವರೆಗೆ ನೀರು ಬಂತು, ಯಾರ ತೋಟ ಉಳಿಯಿತು ಎಂಬುದು ನಕ್ಷೆಗೆ ಗೊತ್ತಿಲ್ಲ. ಅಂಚಿನಲ್ಲಿ ಅಚ್ಚಾದ ಇಸವಿಯನ್ನೂ ಹುಷಾರಾಗಿ ಓದಬೇಕು: ಅಳತೆಯ ವರ್ಷ ಬೇರೆ, ಮುದ್ರಣದ ವರ್ಷ ಬೇರೆ. ಇದೇ ಹೊಳೆಗೆ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಗಿಂತ ಮುಂಚಿನದು. ಅದರ ನಂತರ ಅಳೆದ ಹಾಳೆಯನ್ನು ‘ಮೂಲ ಕಣಿವೆ’ ಎಂದು ತೋರಿಸುವುದು ತಪ್ಪು.

ನಕ್ಷೆಯ ನಿಜವಾದ ಸಂಪತ್ತು ಚುಕ್ಕೆಗೆರೆಯ ಕಾಲುದಾರಿಗಳು. ಯಾವ ಊರಿನವರಿಗೆ ಯಾವ ಊರಿನ ಒಡನಾಟವಿತ್ತು, ಸಂತೆಗೆ ಯಾವ ಕಡೆ ಇಳಿಯುತ್ತಿದ್ದರು ಎಂಬುದನ್ನು ಅವುಗಳಿಂದ ಊಹಿಸಬಹುದು. ಹಿನ್ನೀರು ಆ ದಾರಿಗಳನ್ನು ಕಡಿದದ್ದರಿಂದಲೇ ಹಿನ್ನೀರಿನಾಚೆಯ ತುಮರಿ ಕಡೆಯವರು, 2025ರಲ್ಲಿ ಸಿಗಂದೂರು ಸೇತುವೆ ಆಗುವವರೆಗೂ, ಸಾಗರಕ್ಕೆ ಬರಲು ಲಾಂಚಿಗೆ ಕಾಯುತ್ತಿದ್ದರು.

ಹಸಿರು ಬಣ್ಣದ ಬಗ್ಗೆ ಮಾತ್ರ ನನಗೆ ಗುಮಾನಿ. ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ಕೊಡುವ ಸೊಪ್ಪಿನಬೆಟ್ಟವೂ, ಊರವರು ಕಾಯ್ದುಕೊಂಡ ಕಾನೂ ಅಲ್ಲಿ ಬರೀ ಕಾಡು. ಕೆಂಪು ಚೌಕದ ಮನೆಗಳಿಗೆ ಕೇರಿಗಳಿಲ್ಲ. ಒಡೆಯನ ಮನೆಯೂ ಗೇಣಿದಾರನ ಮನೆಯೂ ಒಂದೇ ಗುರುತು. ಮುಳುಗಡೆಯಲ್ಲಿ ಯಾರು ಎಷ್ಟು ಕಳೆದುಕೊಂಡರು ಎಂಬ ಪ್ರಶ್ನೆ ಇರುವುದೇ ಈ ವ್ಯತ್ಯಾಸದಲ್ಲಿ. ಹಾಳೆಯಲ್ಲಿ ಸರ್ವೆ ನಂಬರೂ ಇಲ್ಲ. ಅದಕ್ಕೆ ಕಂದಾಯ ಇಲಾಖೆಯ ಗ್ರಾಮನಕ್ಷೆ, ಆಕಾರಬಂದ್‌ಗಳನ್ನೇ ತೆರೆಯಬೇಕು. ಹಕ್ಕುಪತ್ರಕ್ಕಾಗಿ ದಶಕಗಳಿಂದ ಕಚೇರಿಗಳಿಗೆ ಅಲೆದ ಸಂತ್ರಸ್ತರ ಕೈಯಲ್ಲಿ ಈ ಸುಂದರ ನಕ್ಷೆ ಇದ್ದರೂ, ಒಂದು ಗುಂಟೆಯೂ ಅವರದೆಂದು ಅದು ಹೇಳುತ್ತಿರಲಿಲ್ಲ.